ಒದ್ದ ಮೇಲೆ ಕೈ ಇಳಿಸಬಾರದು

ನನ್ನ ಮಗಳ ಮೂಗಿನಿಂದ ರಕ್ತ ಬಂದದ್ದು ಅವಳು ಸೋತಿದ್ದರಿಂದಲ್ಲ, ಚೆನ್ನಾಗಿ ಒದ್ದಿದ್ದರಿಂದ. ಇದನ್ನು ಸ್ವಲ್ಪ ವಿವರಿಸಬೇಕು.

ಕೆನಡಾದ ವಿಟ್ಬಿಯಲ್ಲಿ ನಮ್ಮ ಮನೆಗೆ ಹತ್ತಿರದ ಪ್ಲಾಜಾದಲ್ಲಿ, ಪಿಜ್ಜಾ ಅಂಗಡಿಗೂ ಲಾಂಡ್ರಿಗೂ ನಡುವೆ, ಒಂದು ಕರಾಟೆ ಶಾಲೆಯಿತ್ತು. ೨೦೧೭ರ ಚಳಿಗಾಲದಲ್ಲಿ ನಾನೂ ಹನ್ನೊಂದು ವರ್ಷದ ಮಗಳೂ ಅಲ್ಲಿ ಸಹಪಾಠಿಗಳು. ಮಕ್ಕಳೂ ಹೆತ್ತವರೂ ಒಟ್ಟಿಗೆ ಕಲಿಯುವ ಶನಿವಾರ ಬೆಳಗಿನ ತರಗತಿ ಅದು. ಡಾಕ್ಟರು ನನಗೆ ವ್ಯಾಯಾಮ ಮಾಡಿ ಎಂದಿದ್ದರು. ಹಿಮದಲ್ಲಿ ವಾಕಿಂಗ್ ಹೋಗಿ ಜಾರಿ ಸೊಂಟ ಮುರಿದುಕೊಳ್ಳುವುದಕ್ಕಿಂತ, ಬೆಚ್ಚಗಿನ ಕೋಣೆಯಲ್ಲಿ ಮಕ್ಕಳಿಂದ ಒದೆ ತಿನ್ನುವುದೇ ಮರ್ಯಾದಸ್ಥರ ಮಾರ್ಗವೆಂದು ನಾನು ನಿಶ್ಚಯಿಸಿದ್ದೆ.

ಈ ಹೊಡೆದಾಟದ ಅಭ್ಯಾಸಕ್ಕೆ ಸ್ಪಾರಿಂಗ್ ಎನ್ನುತ್ತಾರೆ. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ಹಲ್ಲಿಗೆ ರಬ್ಬರಿನ ಕವಚ ತೊಟ್ಟು, ಮೊದಲು ಬಗ್ಗಿ ವಂದಿಸಿ, ಆಮೇಲೆ ಹದವಾಗಿ ಬಡಿದಾಡುವುದು. ಇದರಿಂದ ಏನು ಲಾಭ ಎಂದು ಕೇಳುವವರಿಗೆ ನನ್ನ ಬಳಿ ಇರುವುದು ಒಂದೇ ಉತ್ತರ. ಐವತ್ತು ಸಮೀಪಿಸಿದ್ದ ನಾನು ಅಲ್ಲಿಯವರೆಗೆ ಏನೇ ಎದುರಿಗೆ ಬಂದರೂ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಿದ್ದೆ. ಮುಷ್ಟಿ ಬಂದರೂ ಹಾಗೆಯೇ, ಆಫೀಸಿನಲ್ಲಿ ಮೇಲಿನವರು ಬಂದರೂ ಹಾಗೆಯೇ. ಕೆಲವು ತಿಂಗಳು ಪೆಟ್ಟು ತಿಂದ ಮೇಲೆ, ಪೆಟ್ಟು ಬರುತ್ತಿರುವಾಗಲೂ ಮನುಷ್ಯ ಉಸಿರಾಡಬಹುದು ಎಂದು ತಿಳಿಯಿತು. ಮಗಳಿಗೂ ಅದೇ ಆಗಿತ್ತು. ಸ್ಕೂಲಿನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡದ ಹುಡುಗಿ, ಶುಕ್ರವಾರವೇ ಗ್ಲೌಸನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಡುತ್ತಿದ್ದಳು. ವಾರವಿಡೀ ಅವಳು ಕಾಯುತ್ತಿದ್ದದ್ದು ಆ ಒಂದು ಬೆಳಗನ್ನೇ.

ಆ ಶನಿವಾರ ಅವಳು ತನಗಿಂತ ಎತ್ತರದ ಹುಡುಗಿಯೊಬ್ಬಳ ಪಕ್ಕೆಗೆ ಸೊಗಸಾಗಿ ಒದ್ದಳು. ಒದ್ದ ಮರುಕ್ಷಣವೇ ಎರಡೂ ಕೈ ಇಳಿಸಿ, ಆ ಹುಡುಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಳು. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕೆಂದು ಅವಳು ನಡೆಯಲು ಕಲಿತಾಗಿನಿಂದ ಮನೆಯಲ್ಲಿ ಹೇಳಿಕೊಟ್ಟದ್ದು. ಪುಸ್ತಕಕ್ಕೆ ತಾಗಿದರೂ ಅಷ್ಟೇ, ಮನುಷ್ಯರಿಗೆ ತಾಗಿದರೂ ಅಷ್ಟೇ. ಎದುರಿನ ಹುಡುಗಿಗೆ ಈ ಸಂಪ್ರದಾಯ ತಿಳಿಯದು. ಅವಳ ಮುಷ್ಟಿ ಆಗಲೇ ಹೊರಟಾಗಿತ್ತು.

ನಮ್ಮ ಗುರುಗಳು ನರೆತ ಕೂದಲಿನ ಗಿಡ್ಡ ಹೆಂಗಸು. ಮಗಳ ಮೂಗಿಗೆ ಬಟ್ಟೆ ಒತ್ತಿ, ಇದೇನು ಎಂದು ನನ್ನನ್ನು ಕೇಳಿದರು. ನಾನು ನಮ್ಮ ಸಂಸ್ಕೃತಿಯ ಮಹಿಮೆಯನ್ನು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಬಣ್ಣಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಚೆಂದದ ಪದ್ಧತಿ," ಎಂದರು. "ಆದರೆ ಮುಖಕ್ಕೆ ಕೈ ಅಡ್ಡ ಹಿಡಿಯದ ಮಗುವನ್ನು ನಾನು ಸ್ಪಾರಿಂಗಿಗೆ ಬಿಡಲಾರೆ. ಮುಂದಿನ ಶನಿವಾರ ನಿಮ್ಮ ಜೊತೆ ಒಂದು ಸುತ್ತು ಆಡಲಿ, ನೋಡುತ್ತೇನೆ. ಕೈ ಇಳಿಸಿದರೆ ಈ ವರ್ಷ ಬೇಡ. ನೀವೂ ಕರುಣೆ ತೋರಿಸಬೇಡಿ. ಅವಳಿಗೆ ಗೊತ್ತಾಗುತ್ತದೆ."

ಮನೆಯಲ್ಲಿ ಹೆಂಡತಿ ಮೊದಲು ಆ ಮೂಗನ್ನು ನೋಡಿದಳು, ಆಮೇಲೆ ನನ್ನನ್ನು.

"ಏನ್ರೀ ಇದು? ಕೂಸಿನ್ನ ಕರ್ಕೊಂಡ್ ಹೋಗಿ ಬಡಿಸ್ಕೊಂಡ್ ಬಂದ್ರೇನು?"

"ಮೊದಲ ಒದ್ದಾಕಿ ಇಕೀನ," ಎಂದೆ. ತಂದೆಯ ಹೆಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಬಿತ್ತು.

"ಇನ್ನೊಮ್ಮೆ ರಕ್ತ ಬಂತಂದ್ರ ಈ ಕರಾಟೆ ಗಿರಾಟೆ ಎಲ್ಲಾ ಬಂದ್. ಭರತನಾಟ್ಯಕ್ಕ ಹಚ್ಚತೇನಿ."

"ಅಮ್ಮಾ, ನೋ. ಪ್ಲೀಸ್," ಎಂದು ಮಗಳು ಅತ್ತಳು. ಪೆಟ್ಟು ಬಿದ್ದಾಗ ಅತ್ತಿರಲಿಲ್ಲ.

ಆ ವಾರ ದಿನವೂ ಬೇಸ್‌ಮೆಂಟಿನಲ್ಲಿ ಅಭ್ಯಾಸ. ನಾನು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಶತ್ರುವಿನ ಪಾತ್ರ ವಹಿಸಿದೆ. ಅವಳು ಒದೆಯುವಳು, ಕೈ ಇಳಿಯುವುದು. ಎದುರಿಗಿರುವವನು ಅಪ್ಪನಾದ್ದರಿಂದ ಇನ್ನೂ ಬೇಗ ಇಳಿಯುವುದು.

"ಐ ಡೋಂಟ್ ಇವನ್ ಥಿಂಕ್, ಅಪ್ಪಾ. ಇಟ್ ಜಸ್ಟ್ ಹ್ಯಾಪನ್ಸ್."

"ಹಂಗಾದ್ರ ವಿಚಾರ ಮಾಡಿ ಒದಿಯವಾ."

ವಿಚಾರ ಮಾಡಿದರೆ ಕಾಲೇ ಏಳುತ್ತಿರಲಿಲ್ಲ.

ಗುರುವಾರ ಸಂಜೆ ಹೆಂಡತಿ ಹಿಟ್ಟಿನ ಕೈಯಲ್ಲೇ ಇಳಿದು ಬಂದು ಮೆಟ್ಟಿಲ ಮೇಲೆ ನಿಂತಳು. ಎಲ್ಲ ಬಂದ್ ಮಾಡಿಸಲು ಬಂದಳೆಂದು ಮಗಳು ನನ್ನ ಬೆನ್ನ ಹಿಂದೆ ಸರಿದಳು. ಹೆಂಡತಿ ಸ್ವಲ್ಪ ಹೊತ್ತು ನೋಡಿ ತೀರ್ಪು ಕೊಟ್ಟಳು.

"ಏ ಹುಚ್ಚಿ, ಕಣ್ ತಪ್ಪಿ ಕಾಲ ಹತ್ತಿದ್ರ ನಮಸ್ಕಾರ ಮಾಡು ಅಂತ ನಾ ಕಲಿಸಿದ್ದು. ಇದು ಹೇಳಿ ಕೇಳಿ ಒದ್ದಿದ್ದು. ಶುರು ಮಾಡೂ ಮೊದಲ ಇಬ್ಬರೂ ಬಗ್ಗತೀರಿಲ್ಲೋ? ಎಲ್ಲಾ ಅಲ್ಲೇ ಮುಗೀತು."

"ಸೋ, ಅಪ್ಪಂಗೆ ಕಿಕ್ ಮಾಡಿದ್ರೆ ಓಕೆ?"

"ಆಟದಾಗ. ಮನ್ಯಾಗಲ್ಲ."

"ನಿಮ್ಮವ್ವನ ಪರ್ಮಿಶನ್ ಸಿಕ್ತು ನೋಡು," ಎಂದೆ.

"ನೀವ್ ಸುಮ್ನಿರ್ರಿ. ಅಕೀ ಮೂಗಿಗೆ ಏನರ ಆದ್ರ ನಿಮ್ಮ ಮೂಗೂ ಉಳಿಯಂಗಿಲ್ಲ."

ಹುಬ್ಬಳ್ಳಿಯಿಂದ ತಂದ ಶಾಸ್ತ್ರಕ್ಕೆ ಹೀಗೆ ವಿಟ್ಬಿಯಲ್ಲಿ ತಿದ್ದುಪಡಿಯಾಯಿತು. ತಿದ್ದುಪಡಿ ಕಿವಿಗೆ ಮುಟ್ಟಿತ್ತು. ಕೈಗೆ ಮುಟ್ಟಿದೆಯೇ ಎಂಬುದು ಶುಕ್ರವಾರವೂ ಖಚಿತವಾಗಲಿಲ್ಲ.

ಶನಿವಾರ ಹೆಂಡತಿಯೂ ಬಂದಳು. ಕೋಟು ಬಿಚ್ಚದೆ ಬೆಂಚಿನ ತುದಿಯಲ್ಲಿ ಕುಳಿತಳು. ನಾನೂ ಮಗಳೂ ಎದುರುಬದುರು ನಿಂತು ವಂದಿಸಿದೆವು. ಹೆಲ್ಮೆಟ್ಟಿನೊಳಗೆ ಅವಳ ಮುಖ ಅಂಗೈಯಷ್ಟು ಕಾಣುತ್ತಿತ್ತು, ಮೂಗಿನ ಮೇಲೆ ಹಳದಿಗಟ್ಟಿದ ಕಲೆ. ನನ್ನ ಕರ್ತವ್ಯ ಸ್ಪಷ್ಟವಿತ್ತು: ಅವಳು ಕೈ ಇಳಿಸಿದರೆ ಅದೇ ಜಾಗಕ್ಕೆ ಗುದ್ದಬೇಕು. ಯಾವ ಅಪ್ಪನಿಗೂ ಇಂಥ ಹೋಮ್‌ವರ್ಕು ಕೊಡಬಾರದು.

ಇಬ್ಬರೂ ಸುಮ್ಮನೆ ಸುತ್ತು ಹಾಕಿದೆವು. ಅವಳು ಒದೆಯಲೇ ಇಲ್ಲ. ಗುರುಗಳು ಗೋಡೆಯ ಗಡಿಯಾರ ನೋಡಿದರು. ಬೆಂಚಿನಿಂದ ಹೆಂಡತಿಯ ಧ್ವನಿ ಬಂತು.

"ಒದಿ ಮತ್ತ. ಅಪ್ಪನ ಮಾರಿ ಏನ್ ನೋಡ್ತಿ?"

ಒದೆ ಬಂತು. ಪಕ್ಕೆಗೆ ಸರಿಯಾಗಿ ಕೂತಿತು. ನನ್ನ ಮುಷ್ಟಿ ಅಪ್ಪಣೆಯಂತೆ ಹೊರಟಿತು. ಅವಳ ಬಲಗೈ ಇಳಿಯತೊಡಗಿದ್ದನ್ನು ನೋಡಿದೆ, ಗಲ್ಲದಿಂದ ಕೊರಳಿಗೆ, ಕೊರಳಿನಿಂದ ಎದೆಗೆ. ಮುಷ್ಟಿಯನ್ನು ಹಿಂದಕ್ಕೆ ಕರೆಯುವ ಹೊತ್ತು ಮೀರಿತ್ತು. ಆ ಕೈ ಎದೆಯ ಬಳಿ ನಿಂತಿತು. ಮತ್ತೆ ಮೇಲಕ್ಕೆ ಹಾರಿತು. ನನ್ನ ಗ್ಲೌಸು ಬಡಿದದ್ದು ಅವಳ ಗ್ಲೌಸಿಗೆ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಎರಡನೆಯ ಒದೆ ಹೊಟ್ಟೆಗೆ ಬಿತ್ತು. ನಾನು ಸಂದರ್ಭಕ್ಕೆ ತಕ್ಕ ಗಾಂಭೀರ್ಯದಿಂದ ಮೊಣಕಾಲೂರಿದೆ.

"ಅಪ್ಪಾ, ಆರ್ ಯೂ ಓಕೆ?" ಹಲ್ಲಿನ ಕವಚದಿಂದ ಮಾತು ತೊದಲಿತು. ಎರಡೂ ಕೈ ಮುಖದ ಮುಂದೆಯೇ ಇದ್ದವು.

"ಮುಂದಿನ ವಾರ ಎಲ್ಲರ ಜೊತೆ," ಎಂದರು ಗುರುಗಳು.

ಆಗಲೂ ಅವಳು ಕೈ ಇಳಿಸಲಿಲ್ಲ. ನಾನು ಏಳುವುದನ್ನೇ ಕಾಯುತ್ತಿದ್ದಳು.