ಒಕ್ಸಿಮ್ ಮನೆ ಬಾಗಿಲಿಗೆ ಮತ್ತೊಮ್ಮೆ

"ಅಅ… ಅಅ… ಕೇಳಿಸ್ತಾ ಇದೆಯಾ?"

ಊರಿನ ಧ್ವನಿವರ್ಧಕ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. ಅಂಗಳದಲ್ಲಿ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಎಲೆಕೋಸಿಗೆ ಉಪ್ಪು ಸವರುತ್ತಿದ್ದ ಮಲ್ಸುನ್ ತಲೆ ಎತ್ತಲಿಲ್ಲ. ಅರ್ಧ ಮಾತನ್ನು ಕಡಲ ಗಾಳಿ ಎತ್ತಿಕೊಂಡು ಹೋದರೂ ಉಳಿದರ್ಧ ಸಾಕಾಗಿತ್ತು. ಮಾರ್ಚಿನಲ್ಲಿ ಒಂದನೇ ತರಗತಿಗೆ ಮೂವರು ಸೇರದಿದ್ದರೆ ಶಾಲೆ ಮುಚ್ಚುತ್ತಾರೆ. ಇರುವುದು ಪುಟ್ಟ ಹಾರಮ್ ಒಬ್ಬಳೇ. ಅಕ್ಷರ ಬಾರದ ಅಜ್ಜಿಯರೂ ಸೇರಬಹುದು. ಪಕ್ಕದೂರಲ್ಲಿ ಹಾಗೆಯೇ ಶಾಲೆ ಉಳಿಸಿಕೊಂಡಿದ್ದಾರೆ.

ಸ್ವಲ್ಪ ಹೊತ್ತಿಗೆ ಊರ ಮುಖ್ಯಸ್ಥ ಗ್ವಾಕ್ ತಾನೇ ಬಂದ.

"ದೊಡ್ಡಮ್ಮ, ನೀವಂತೂ ಸೇರ್ತೀರಿ. ಒಕ್ಸಿಮ್ ಚಿಕ್ಕಮ್ಮಂಗೂ ಒಂದ್ ಮಾತು ಹೇಳಿ. ನೀವು ಹೇಳಿದ್ರೆ ಈ ಊರಲ್ಲಿ ಇಲ್ಲ ಅಂದೋರು ಯಾರಿದ್ದಾರೆ?"

ಯಾರೂ ಇರಲಿಲ್ಲ. ಅವಳ ಆಯಾಸವೂ ಅದೇ.

ಪ್ರಾಯದಲ್ಲಿ ಮಲ್ಸುನ್ ತಾಯಂದಿರ ಸಂಘದ ಮುಖ್ಯಸ್ಥೆಯಾಗಿದ್ದಳು. ಓದು ಬಾರದಿದ್ದರೂ ಮಾತು ಬರುತ್ತಿತ್ತು. ಮೂರು ಮಕ್ಕಳಿಗೆ ನಿಲ್ಲಿಸಿ ಎಂದಿತ್ತು ಸಿಯೋಲ್‌ನ ಸರ್ಕಾರ. ಆಮೇಲೆ ಎರಡು ಸಾಕು ಎಂದಿತು. ಆಮೇಲೆ ಒಂದೇ ಸಾಕು. ಪ್ರತಿ ಸಲವೂ ಗರ್ಭನಿರೋಧಕ ಗುಳಿಗೆಯ ಚೀಲ ಹೊತ್ತು ಅವೇ ಬಾಗಿಲುಗಳಿಗೆ ಹೊಸ ಮಾತು ಒಯ್ದವಳು ಅವಳು. ಒಕ್ಸಿಮ್‌ಗೆ ಒಬ್ಬ ಮಗ, ಒಬ್ಬ ಮಗಳು. ಅತ್ತೆ ಗದ್ದೆಗೆ ಹೋದ ಹೊತ್ತು ನೋಡಿ, ಮಲ್ಸುನ್ ಅವಳನ್ನು ಕೈಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆಯ ಬಸ್ಸು ಹತ್ತಿಸಿದ್ದಳು. ಮರುವರ್ಷ ಆ ಮಗ ಕಡಲ ಪಾಲಾದ. ಅತ್ತೆ ಸಾಯುವ ತನಕ ಸೊಸೆಯ ಹೊಟ್ಟೆಯನ್ನು ಹಳಿದಳು. ಒಕ್ಸಿಮ್ ಮಾತ್ರ ಮಲ್ಸುನ್‌ಗೆ ಒಂದು ಮಾತೂ ಅನ್ನಲಿಲ್ಲ. ವರ್ಷ ವರ್ಷವೂ ಮೆಣಸಿನಪುಡಿ ಕಳಿಸುತ್ತಲೇ ಬಂದಳು.

ಈಗ ಅದೇ ಸರ್ಕಾರ ಹೆರಿ, ಹೆರಿ ಎಂದು ಅಂಗಲಾಚುತ್ತಿದೆ. ಹೆರುವ ವಯಸ್ಸಿನವಳು ಊರಲ್ಲಿ ಹಾರಮ್‌ಳ ತಾಯಿ ಒಬ್ಬಳೇ. ಅವಳೂ ವಿಯೆಟ್ನಾಮಿನಿಂದ ಮದುವೆಯಾಗಿ ಬಂದವಳು.

ಮಲ್ಸುನ್ ಕೈ ತೊಳೆದುಕೊಂಡಳು. ಮೊಮ್ಮಗ ಬೆಳೆದ ಮೇಲೆ ತನ್ನ ಊರುಗೋಲಾಗಿದ್ದ ಮಗುವಿನ ತಳ್ಳುಗಾಡಿಯನ್ನು ಹಿಡಿದು ಹೊರಟಳು. ಗ್ವಾಕ್ ಹಿಂದೆಯೇ ಬಂದು ಒಕ್ಸಿಮ್ ಮನೆಯ ಗೇಟಿನ ಹತ್ತಿರ ನಿಂತ.

"ಏನೇ, ಈ ಸಲ ಸರ್ಕಾರ ಏನು ಹೇಳಿ ಕಳ್ಸಿದೆ?" ಬೆಳ್ಳುಳ್ಳಿ ಸುಲಿಯುತ್ತಿದ್ದ ಒಕ್ಸಿಮ್ ನಕ್ಕಳು. "ಈ ವಯಸ್ಸಲ್ಲಿ ಹೆರು ಅಂತಿದ್ಯಾ?"

"ಹೆರೋದು ಬೇಡ್ವಂತೆ. ಸ್ಕೂಲಿಗೆ ಸೇರ್ಬೇಕಂತೆ."

"ಕೇಳಿಸ್ತು. ಮಕ್ಕಳು ಸಿಗ್ದೆ ಮುದುಕೀರನ್ನೇ ಮಕ್ಕಳು ಮಾಡ್ತಾರಲ್ಲೇ! ಸ್ಕೂಲು ಮುಚ್ಚಿದ್ರೆ ಆ ಹಾರಮ್ ಕೂಸಿನ ಗತಿ?"

"ಕತ್ತಲಲ್ಲೇ ಎದ್ದು ಪೇಟೆ ಬಸ್ಸು ಹಿಡೀಬೇಕು."

ಒಕ್ಸಿಮ್‌ಳ ಬೆರಳುಗಳು ನಿಂತವು. "ನನ್ನನ್ನೂ ಸೇರು ಅಂತೀಯಾ? ನೀನು ಹೇಳು, ಸೇರ್ತೀನಿ. ಆವತ್ತೂ ನೀನು ಹೇಳಿದ್ದಕ್ಕೇ ತಾನೇ ಬಸ್ಸು ಹತ್ತಿದ್ದು."

ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಮಲ್ಸುನ್‌ಗೆ ಸುಲಭವಾಗುತ್ತಿತ್ತು. ಸೇರು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ವರ್ಷದ ರೂಢಿ. ಅವಳು ಅದನ್ನು ನುಂಗಿಕೊಂಡಳು.

"ನಾನೇನೂ ಹೇಳಲ್ಲ ಕಣೇ. ನಾನು ಸೇರ್ತೀನಿ. ನಿಂದು ನೀನು ನೋಡ್ಕೋ."

"ಇದೇನೇ ಹೊಸ ವರಸೆ? ಇಷ್ಟು ದೂರ ಬಂದು ಸುಮ್ನೆ ಹೋಗ್ತೀಯಾ?"

ಮಲ್ಸುನ್ ಮಂಡಿ ಹಿಡಿದುಕೊಂಡು ಎದ್ದು ಹೊರಗೆ ಬಂದಳು.

"ಒಪ್ಪಿದ್ರಾ ದೊಡ್ಡಮ್ಮ?" ಗ್ವಾಕ್ ಕೇಳಿದ.

"ನಾನು ಕೇಳ್ಲೇ ಇಲ್ಲ."

"ಅಯ್ಯೋ, ಕೇಳ್ಲಿಲ್ವಾ! ನಾಳೆ ಶಿಕ್ಷಣ ಇಲಾಖೆಯೋರು ಬರ್ತಾರೆ. ಇನ್ನೊಂದ್ಸಲ ಒಳಗೆ ಹೋಗಿ ದೊಡ್ಡಮ್ಮ. ನಿಮ್ಮ ಹಾಗೆ ತಿಳಿಸಿ ಹೇಳೋಕೆ ನಮಗ್ಯಾರಿಗೆ…"

"ಲೇ, ಆ ಸ್ಕೂಲಲ್ಲಿ ಮಧ್ಯಾಹ್ನ ಊಟ ಕೊಡ್ತಾರೇನೇ?" ಒಳಗಿಂದ ಒಕ್ಸಿಮ್ ಕೂಗಿದಳು.

ಗ್ವಾಕ್ ಇನ್ನೂ ಹೇಳುತ್ತಲೇ ಇದ್ದ. ಮಲ್ಸುನ್ ತಳ್ಳುಗಾಡಿ ಹಿಡಿದು, ತಿರುಗಿಯೂ ನೋಡದೆ, ಇಳಿಜಾರಿನ ದಾರಿಯಲ್ಲಿ ಮೆಲ್ಲಗೆ ನಡೆದಳು.