ಹಾರುವವನ ಅಂಗಿಯ ಬಣ್ಣ

ಮೊನ್ನೆ ಯುಗಾದಿಗೆ ಮುಂಚೆ ಅಟ್ಟ ಗುಡಿಸಲು ಹೋದಾಗ ನಮ್ಮ ಹಳೆಯ ಟೀವಿ ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು. ಅದು ಅಲ್ಲೇ ಇದೆ ಎಂದು ನನಗೆ ಗೊತ್ತಿತ್ತು, ಎತ್ತಲಾರದ ಭಾರಕ್ಕೆ ಹೆದರಿ ಅತ್ತ ನೋಡುತ್ತಿರಲಿಲ್ಲ, ಅಷ್ಟೆ. ಅದರ ಉಬ್ಬಿದ ಗಾಜಿನ ಮೇಲೆ ಬೆರಳೆಳೆದೆ. ಬೆರಳ ತುದಿ ಕೆಂಪಾಯಿತು. ಗಣಿ ಲಾರಿಗಳ ಆರ್ಭಟ ಅಡಗಿ ಎಷ್ಟೋ ವರ್ಷವಾದರೂ ಆ ಧೂಳು ಮಾತ್ರ ನಮ್ಮ ಅಟ್ಟದಲ್ಲಿ ಬಾಡಿಗೆ ಕೊಡದೆ ಸುಖವಾಗಿ ಉಳಿದುಕೊಂಡಿದೆ.

ಕೆಳಗಿಳಿದು ಅಣ್ಣನ ಮಗಳು ಪಲ್ಲವಿಗೆ ಹೇಳಿದೆ. ಈಗ ಅಂಗಡಿಯಲ್ಲಿ ನನ್ನ ಜೊತೆ ಕೂರುವವಳು ಅವಳೇ. ಆ ಟೀವಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಹಳೆಯ ಪರದೇಶದ ಧಾರಾವಾಹಿ ಬರುತ್ತಿತ್ತು, ಅದರಲ್ಲೊಬ್ಬ ಗಾಳಿಯಲ್ಲಿ ಹಾರಿಕೊಂಡು ಬಂದು ಜನರನ್ನು ಕಾಪಾಡುತ್ತಿದ್ದ ಎಂದೆ. ಅವಳು ನಿಮಿಷದೊಳಗೆ ಫೋನಿನಲ್ಲಿ ಅವನನ್ನು ಹುಡುಕಿ ನನ್ನ ಮೂಗಿನ ಮುಂದೆ ಹಿಡಿದಳು. ಅದೇ ಚೌಕ ಗಲ್ಲ, ಅದೇ ಬಿಗಿ ಅಂಗಿ.

"ಅಯ್ಯ, ಇವನ ಅಂಗಿ ಹಿಂಗ ಪಾಚಿ ಕಟ್ಟಿದಂಗ ಹಸಿರು ಆಗೇತಲ್ಲೇ?" ಎಂದೆ.

"ಹೌದತ್ತಿ, ಹಳೇ ವಿಡಿಯೊ. ಬಣ್ಣ ಹೋಗಿರ್ತೈತಿ," ಎಂದಳು ಪಲ್ಲವಿ.

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಈ ಅಂಗಿಯ ಬಣ್ಣದ ವಿಚಾರ ನಮ್ಮ ಮನೆಯಲ್ಲಿ ಅಷ್ಟು ಸುಲಭವಾಗಿ ಮುಗಿದದ್ದೇ ಇಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಮ್ಮದು ಹೊಸಪೇಟೆಯ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರು. ಹೆಂಗಸರು ಸೀರೆ ತರುತ್ತಾರೆ, ಅದಕ್ಕೆ ಒಪ್ಪುವ ಕುಪ್ಪಸದ ಬಟ್ಟೆ, ಫಾಲು, ದಾರ ನಾವು ಹುಡುಕಿ ಕೊಡುತ್ತೇವೆ. ಗೋಡೆಯ ತುಂಬ ಬಣ್ಣದ ಬಟ್ಟೆಯ ಥಾನುಗಳು. ಗಿಳಿ ಹಸಿರು, ರಾಮಾ ಗ್ರೀನ್, ಉಳ್ಳಾಗಡ್ಡಿ ಸಿಪ್ಪೆ, ಬದನೆಕಾಯಿ, ನವಿಲುಗೊರಳು. ಗಾದಿಯ ಮೇಲೆ ಕೂರುತ್ತಿದ್ದವರು ಅಪ್ಪಾಜಿ. ಸೀರೆಯ ಸೆರಗಿನ ಮೂಲೆ ಕಂಡರೆ ಸಾಕು, ಹಿಂದೆ ತಿರುಗದೆ ಕೈ ಚಾಚಿ ಸರಿಯಾದ ಥಾನನ್ನೇ ಎಳೆಯುತ್ತಿದ್ದರು. ಎಳೆದ ಮೇಲೂ ಹಾಗೇ ಕತ್ತರಿಸಿ ಕೊಡುವವರಲ್ಲ. ಗಿರಾಕಿಯನ್ನು ಎಬ್ಬಿಸಿಕೊಂಡು ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಹೋಗುವರು.

"ಟ್ಯೂಬ್‌ಲೈಟ್ ಸುಳ್ಳು ಹೇಳ್ತೈತಿ ತಾಯಿ, ಸೂರ್ಯ ಹೇಳಂಗಿಲ್ಲ. ಬಿಸಿಲಿಗೆ ಬರ್ರಿ," ಎನ್ನುವರು.

ಬೀದಿಯಲ್ಲಿ ಆಟೋಗಳು ಹಾರನ್ ಹೊಡೆಯುತ್ತಿದ್ದರೂ ಸೀರೆ ಒಂದು ಕೈಯಲ್ಲಿ, ಬಟ್ಟೆ ಒಂದು ಕೈಯಲ್ಲಿ ಹಿಡಿದು ಅವರು ಹೆಣ್ಣು ತೋರಿಸುವ ಶಾಸ್ತ್ರದಂತೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸುತ್ತಿದ್ದರು. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಬಿಸಿಲಿಗೆ ಹಿಡಿದು ನೋಡಿದೆ, ಒಬ್ಬನೂ ಮ್ಯಾಚ್ ಆಗಲಿಲ್ಲ," ಎಂದು ಅಪ್ಪಾಜಿಯೇ ಉತ್ತರ ಕೊಟ್ಟು ನನ್ನನ್ನು ಉಳಿಸುತ್ತಿದ್ದರು.

ಗಣಿಯ ಭರಾಟೆಯ ವರ್ಷಗಳವು. ಸಂಡೂರು, ಯಶವಂತನಗರದ ಕಡೆಯಿಂದ ಹೆಂಗಸರು ಜೀಪು ಮಾಡಿಕೊಂಡು ಬರುತ್ತಿದ್ದರು. ಗಂಡ ಎರಡನೇ ಲಾರಿ ತಂದ ಎಂಬುದು ಹೆಂಡತಿಯ ಸೀರೆಯಲ್ಲಿ ಮೊದಲು ಗೊತ್ತಾಗುತ್ತಿತ್ತು. ಅದಿರಿನ ಲಾರಿಗಳು ಸಾಲುಗಟ್ಟಿ ಹೋದವೆಂದರೆ ಊರಿಗೆ ಊರೇ ಕೆಂಪು. ನಮ್ಮಲ್ಲಿ ಬಿಳಿಯ ಬಟ್ಟೆ ಎರಡು ದಿನ ಮಡಿಕೆ ಬಿಚ್ಚಿಟ್ಟರೆ ತಾನಾಗಿಯೇ ತಿಳಿಗುಲಾಬಿ ಆಗುತ್ತಿತ್ತು. ಅದನ್ನು ಹೊಸ ಬಣ್ಣವೆಂದು ಮೆಚ್ಚಿ ಕೊಂಡೊಯ್ದ ಗಿರಾಕಿಯೂ ಇದ್ದಾಳೆ. ನಾನು ತಡೆಯಲಿಲ್ಲ ಎಂಬ ಪಾಪ ಇನ್ನೂ ನನ್ನ ತಲೆಯ ಮೇಲಿದೆ.

ಆ ಹಾರುವವನನ್ನು ನಮ್ಮ ಮನೆಗೆ ಕರೆತಂದವರು ಅಪ್ಪಾಜಿಯೇ. ಭಾನುವಾರ ಅಂಗಡಿ ತಡವಾಗಿ ತೆರೆಯುತ್ತಿದ್ದೆವು. ಆ ಹೊತ್ತಿಗೆ ಅವರು ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆಯ ತಟ್ಟೆ ಹಿಡಿದು ಟೀವಿಯ ಮುಂದೆ ಕೂರುವರು. ಕತೆಯ ಬಗ್ಗೆ ಅವರಿಗೆ ಆಸಕ್ತಿಯಿರಲಿಲ್ಲ. ಯಾರು ಕಳ್ಳ, ಯಾರು ಒಳ್ಳೆಯವ ಎಂದು ಕೊನೆಯವರೆಗೂ ಕೇಳುತ್ತಲೇ ಇರುವರು. ಅವರ ಕಣ್ಣೆಲ್ಲ ಆ ನೀಲಿ ಅಂಗಿಯ ಮೇಲೆ. "ಇಷ್ಟು ಹಾರ್ತಾನ, ಬೀಳ್ತಾನ, ಬೆಂಕ್ಯಾಗ ಹೋಗ್ತಾನ. ಒಂದು ಹೊಲಿಗಿ ಬಿಚ್ಚಿಲ್ಲ ನೋಡು. ಇಂಥಾ ಮಾಲು ನಮಗ ಯಾರೂ ಕೊಡಂಗಿಲ್ಲ," ಎನ್ನುವರು.

ಒಂದು ಭಾನುವಾರ ಆ ಅಂಗಿ ಕಂದು ತಿರುಗಿತು. ಅಪ್ಪಾಜಿ ತಟ್ಟೆ ಕೆಳಗಿಟ್ಟರು. ನಮ್ಮವ್ವ ಎದ್ದು ಹಸಿ ಬಟ್ಟೆ ತಂದು ಗಾಜು ಒರೆಸಿದಳು. ಬಟ್ಟೆ ಕೆಂಪಾಯಿತು, ಅಂಗಿ ನೀಲಿಯಾಯಿತು. ಟೀವಿಯ ಗಾಜು ಧೂಳನ್ನು ಕರೆದು ಕರೆದು ಅಂಟಿಸಿಕೊಳ್ಳುತ್ತದೆಂದು ಆಗ ತಿಳಿಯಿತು. ಅಂದಿನಿಂದ ಧಾರಾವಾಹಿಗೆ ಮುಂಚೆ ಗಾಜು ಒರೆಸುವುದು ದೇವರ ಮುಂದಿನ ದೀಪ ಒರೆಸಿದಷ್ಟೇ ನೇಮದ ಕೆಲಸವಾಯಿತು.

ಆಮೇಲೂ ಬಣ್ಣ ಕೆಲವೊಮ್ಮೆ ಹೆಚ್ಚುಕಡಿಮೆ ಆಗುತ್ತಿತ್ತು. ಟೀವಿ ರಿಪೇರಿಯ ಹುಸೇನಪ್ಪನನ್ನು ಕರೆಸಿದೆವು. ಅವನು ಹಿಂಬದಿಯ ಡಬ್ಬಿ ಬಿಚ್ಚಿ ಊದಿ, ಪಿಕ್ಚರ್ ಟ್ಯೂಬಿಗೆ ವಯಸ್ಸಾಗಿದೆ, ಬಿಸಿ ಏರುವವರೆಗೆ ಬಣ್ಣ ಸರಿಯಾಗಿ ಕೂರುವುದಿಲ್ಲ ಎಂದ. ಕಿಟಕಿಯ ಬೆಳಕು ಬಿದ್ದರೂ ಬಣ್ಣ ಸಾಯುತ್ತದೆ ಎಂದ. ಕೊನೆಗೆ ಮುಖ್ಯವಾದ ಮಾತು ಹೇಳಿದ.

"ಅಣ್ಣಾರ, ಅಂವ ಒಂದ ಅಂಗಿ ಹಾಕ್ಕೊಂಡು ಅಷ್ಟು ವರ್ಷ ಹಾರ್ಯಾನೇನ್ರಿ? ಹರದಾಗೊಮ್ಮೆ ಹೊಸಾದು ಹೊಲಿಸಿರ್ತಾರ. ಆ ರೀಲೂ ಹಳೇವು, ಕುಂತಲ್ಲೇ ಮಾಸ್ಯಾವು."

ಅಪ್ಪಾಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂದೇ ನಂಬರಿನ ಬಟ್ಟೆ ಎರಡು ಸಲ ಬಣ್ಣಕ್ಕೆ ಅದ್ದಿದರೆ ಎರಡು ಥರ ಆಗುತ್ತದೆ ಎಂಬುದು ನಮ್ಮ ವ್ಯಾಪಾರದ ಮೊದಲ ಪಾಠ. ಹಾರುವವನಿಗೂ ಆ ತಾಪತ್ರಯ ತಪ್ಪಿಲ್ಲ ಎಂದು ಅವರು ವಾರವೆಲ್ಲ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದರು.

ಆದರೆ ಆ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ, ಗಾಜು ಒರೆಸಿ, ಕಿಟಕಿ ಮುಚ್ಚಿ, ಟೀವಿ ಬಿಸಿಯೇರಿದ ಮೇಲೂ ಅಪ್ಪಾಜಿ, "ಇವತ್ತ ಹಸಿರಂಗಿ ಹಾಕ್ಯಾನ," ಎಂದರು. ನಾನೂ ಅವ್ವನೂ ಮುಖಮುಖ ನೋಡಿಕೊಂಡೆವು. ನಮಗೆ ಅದು ಅಚ್ಚ ನೀಲಿ.

ಅದೇ ತಿಂಗಳು ಅಪ್ಪಾಜಿ ಊಟಕ್ಕೆ ಹೋಗಿದ್ದಾಗ ಸಂಡೂರಿನ ಗೌರಕ್ಕ ಅಂಗಡಿಗೆ ಬಂದಳು. ಹಳೆಯ ಗಿರಾಕಿ. ಮಗಳ ಮದುವೆಯಲ್ಲಿ ಮುತ್ತೈದೆಯರಿಗೆ ಉಡಿ ತುಂಬಲು ಕುಪ್ಪಸದ ಕಣಗಳ ದೊಡ್ಡ ಗಂಟನ್ನೇ ಒಯ್ದಿದ್ದಳು, ಅಪ್ಪಾಜಿಯೇ ಆರಿಸಿ ಕಟ್ಟಿಕೊಟ್ಟಿದ್ದರು. ಅವಳು ಅತ್ತಿತ್ತ ನೋಡಿ ಚೀಲದಿಂದ ನಾಲ್ಕು ತುಂಡು ತೆಗೆದು ನನ್ನ ಮುಂದಿಟ್ಟಳು. ನಾಲ್ಕೂ ಕಪ್ಪು. ಶಬರಿಮಲೆಗೆ ಹೋಗುವವರಿಗೆಂದು ತರಿಸಿದ ಕಪ್ಪು ಬಟ್ಟೆಯನ್ನು ಅಪ್ಪಾಜಿ ಕಡುನೀಲಿ ಎಂದು ಕತ್ತರಿಸಿದ್ದರು. ಮದುವೆಯ ಮನೆಯಲ್ಲಿ ಮುತ್ತೈದೆಯ ಉಡಿಗೆ ಕಪ್ಪು ಬಟ್ಟೆ! 

"ಉಡಿ ತುಂಬೋಕಿಂತ ಮುಂಚೆ ನಾನ ನೋಡಿದೆ, ಯಾರೂ ಕಂಡಿಲ್ಲ. ಬದ್ಲಿ ಕೊಡವ್ವ," ಎಂದಳು ಗೌರಕ್ಕ. ಹೋಗುವಾಗ ತಿರುಗಿ, "ನಿಮ್ಮಪ್ಪಾಜಿಗೆ ಹೇಳಬ್ಯಾಡ. ಭಾಳ ನೊಂದ್ಕೊಂತಾರ," ಎಂದಳು.

ನೊಂದುಕೊಳ್ಳುವುದಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದೆ. "ಬಣ್ಣ ತಪ್ಪಿದ ದಿನ ನಾನು ಈ ಗಾದಿ ಇಳೀತೀನಿ," ಎಂದು ಅಪ್ಪಾಜಿ ಸಾವಿರ ಸಲ ಹೇಳಿದ್ದರು, ಮತ್ತು ಅವರು ಹೇಳಿದ್ದನ್ನು ಮಾಡುವ ಮನುಷ್ಯ. ಗಾದಿ ಇಳಿದ ಅಪ್ಪಾಜಿ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಊಹಿಸಲು ನನಗೆ ಧೈರ್ಯ ಬರಲಿಲ್ಲ. ಕಣ್ಣಿಗೆ ಪೊರೆ ಬಂದಿರಬೇಕು ಎನಿಸಿದರೂ ಆಪರೇಷನ್ ಎಂಬ ಮಾತೆತ್ತುವಂತೆಯೂ ಇರಲಿಲ್ಲ. ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಹಿಂದೆ ಕಣ್ಣು ಕೊಯ್ಸಿಕೊಂಡು ಇದ್ದ ಮಬ್ಬು ಬೆಳಕನ್ನೂ ಕಳೆದುಕೊಂಡಿದ್ದರು.

ಹೀಗಾಗಿ ನಾನು ಕಳ್ಳತನ ಶುರು ಮಾಡಿದೆ. ಕಪ್ಪು ಬಟ್ಟೆಯ ಗಂಟನ್ನು ಅಂಗಡಿಯ ಅಟ್ಟಕ್ಕೆ ಏರಿಸಿದೆ. ಗಿರಾಕಿ ಸೀರೆ ಬಿಚ್ಚಿದ ಕೂಡಲೇ ನಾನೇ ಮುಂದಾಗಿ, "ಬದನೆಕಾಯಿ ಬಣ್ಣ, ಭಾಳ ಚೆಂದೈತ್ರಿ," ಎಂದು ಜೋರಾಗಿ ಹೊಗಳುವೆ. ಅಪ್ಪಾಜಿಯ ಕೈ ಬದನೆಕಾಯಿಯ ಜಾಗಕ್ಕೆ ಹೋಗುವುದು. ಬಣ್ಣ ಮರೆತರೂ ಕೈ ಜಾಗ ಮರೆತಿರಲಿಲ್ಲ. ಇವಳೇಕೆ ಇತ್ತೀಚೆಗೆ ಇಷ್ಟು ವಟಗುಟ್ಟುತ್ತಾಳೆ ಎಂದು ಅವರು ಅವ್ವನ ಹತ್ತಿರ ದೂರಿದರಂತೆ.

ಮನೆಯಲ್ಲಿ ಟೀವಿಯ ಕಾಟ. ಅದರ ಮುಂಭಾಗದ ಪುಟ್ಟ ಬಾಗಿಲು ತೆರೆದರೆ ಬಣ್ಣ ಏರಿಸುವ ತಿರುಗುಗುಂಡಿ ಇತ್ತು. ಒಂದು ಭಾನುವಾರ ಅದನ್ನು ಸ್ವಲ್ಪ ತಿರುವಿದೆ. "ಹಾಂ, ಈಗ ನೀಲಿ ಬಂತು!" ಎಂದರು ಅಪ್ಪಾಜಿ. ತಿಂಗಳು ಕಳೆಯುವುದರೊಳಗೆ ಮತ್ತೆ ಹಸಿರು. ಮತ್ತೆ ತಿರುವಿದೆ. ಹಾರುವವನ ಮುಖ ಟೊಮೇಟೊ ಆಯಿತು, ವಾರ್ತೆ ಓದುವ ಹೆಂಗಸು ಮೈತುಂಬ ಕುಂಕುಮ ಬಳಿದುಕೊಂಡವಳಂತೆ ಕಂಡಳು. ಮನೆಗೆ ಬಂದವರು ನಮ್ಮ ಟೀವಿ ನೋಡಿ ಕಣ್ಣು ಉಜ್ಜಿಕೊಳ್ಳುವರು. ಅವ್ವನೂ ನಾನೂ ಆ ಕೆಂಪು ಮುಖಗಳ ಮುಂದೆ ಏನೂ ಆಗಿಲ್ಲವೆಂಬಂತೆ ಕೂತು ಮಂಡಾಳು ತಿನ್ನುವೆವು. ಕೊನೆಗೊಂದು ದಿನ ಗುಂಡಿ ತುದಿ ಮುಟ್ಟಿತು, ತಿರುವಲು ಇನ್ನು ಜಾಗವಿರಲಿಲ್ಲ.

ಅಂಗಿ ಮತ್ತೆ ಹಸಿರಾಯಿತೆಂದು ಅಪ್ಪಾಜಿ ಹುಸೇನಪ್ಪನನ್ನು ಕರೆಸಿದರು. ಅವನು ಪುಟ್ಟ ಬಾಗಿಲು ತೆರೆದ, ಗುಂಡಿ ನೋಡಿದ, ಟೀವಿಯ ಕೆಂಪು ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಬಾಗಿಲು ಮುಚ್ಚಿ, ಗುಂಡಿ ಇದ್ದಂತೆಯೇ ಬಿಟ್ಟು, ಚೀಲದಿಂದ ಎರಡು ವಾಯರ್ ತೆಗೆದ.

"ಅಣ್ಣಾರ, ನನ್ನ ಚಾಳೀಸಿನ ಕನ್ನಡಕ ಮನ್ಯಾಗ ಬಿಟ್ಟು ಬಂದೀನ್ರಿ. ಇದರಾಗ ನೀಲಿ ಯಾವುದು, ಕರೀದು ಯಾವುದು? ಬಣ್ಣಕ್ಕ ನಿಮ್ಮನ್ನ ಬಿಟ್ಟರ ಯಾರನ್ನ ಕೇಳ್ಲಿ?"

ಅಪ್ಪಾಜಿ ವಾಯರುಗಳನ್ನು ತೆಗೆದುಕೊಂಡರು. ಒಂದನ್ನು ಮುಂದೆ ಮಾಡಿದರು, ಹಿಂದೆಗೆದರು. ಎದ್ದು ಹೊರಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದರು. ನೀಲಿ ಬಲಗೈಯಲ್ಲಿದೆ ಎಂದು ನನಗೆ ಕೂಗಬೇಕೆನಿಸಿತು. ಆದರೆ ಅಲ್ಲಿ ಹೊಗಳಲು ಸೀರೆ ಇರಲಿಲ್ಲ. ಬಹಳ ಹೊತ್ತು ಅವರು ಸೂರ್ಯನ ಎದುರು ಹಾಗೇ ನಿಂತರು.

"ಗೊತ್ತಾಗವಲ್ದು ಹುಸೇನಪ್ಪ," ಎಂದರು.

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ನನಗೆ ಅಳು ಬಂತು. ಹುಸೇನಪ್ಪ ವಾಯರ್ ಇಸಿದುಕೊಂಡು ಮೆಲ್ಲಗೆ, "ಗಾಜಿಗೆ ಧೂಳು ಕುಂತೈತ್ರಿ, ಅಷ್ಟ. ನಮ್ಮಪ್ಪನಿಗೂ ಕುಂತಿತ್ತು, ಬಳ್ಳಾರ್ಯಾಗ ತೆಗಿಸಿಕೊಂಡು ಬಂದ್ವಿ. ಈಗಿನ ಆಪರೇಷನ್ ಮೊದಲಿನಂಗಿಲ್ರಿ. ನಾನೂ ಜೊತಿಗೆ ಬರ್ತೀನಿ," ಎಂದ.

ಬಂದ ಕೂಡ. ಬಳ್ಳಾರಿಯಿಂದ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬರುವಾಗ ಅಪ್ಪಾಜಿ ಬಸ್ಸಿನ ಕಿಟಕಿ ಬಿಡಲಿಲ್ಲ. ತೋರಣಗಲ್ಲಿನ ಕಾರ್ಖಾನೆಯ ಹೊಗೆಯನ್ನೂ ಹೊಗಳಿದರು. "ಆಕಾಶ ನೀಲಿ ಹಾಕಿ ಒಗದಂಗ ಐತಲ್ಲಲೇ," ಎಂದು ನನ್ನ ಭುಜ ಅಲುಗಿಸಿದರು.

ಮೊದಲ ಭಾನುವಾರ ಕರೀ ಕನ್ನಡಕ ಹಾಕಿಕೊಂಡು ಟೀವಿಯ ಮುಂದೆ ಕೂತರು. ಆ ಸಂಭ್ರಮದಲ್ಲಿ ಗುಂಡಿಯ ಸಂಗತಿ ನನಗೆ ಮರೆತೇಹೋಗಿತ್ತು. ಟೀವಿ ಹತ್ತಿತು. ಕಣ್ಣಿಗೆ ರಾಚುವ ನೀಲಿ ಅಂಗಿ, ಟೊಮೇಟೊ ಮುಖ. ಅಪ್ಪಾಜಿ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಎದ್ದು ಹೋಗಿ ಪುಟ್ಟ ಬಾಗಿಲು ತೆರೆದು ಗುಂಡಿಯನ್ನು ತಿರುವುತ್ತ ತಿರುವುತ್ತ ಹಿಂದಕ್ಕೆ ತಂದರು. ಮುಖಗಳು ಮನುಷ್ಯರ ಮುಖಗಳಾದವು. ಅವರು ನಮ್ಮ ಕಡೆ ತಿರುಗದೆ ಕೇಳಿದರು.

"ಎಷ್ಟು ದಿನಾತು ಇದನ್ನ ತಿರುವಿಟ್ಟು?"

"ವರ್ಷದ ಮ್ಯಾಲಾತು ಅಪ್ಪಾಜಿ."

"ವರ್ಷಾನುಗಟ್ಲೆ ತಾಯಿ ಮಗಳು ಈ ಕೆಂಪು ಮಾರಿ ನೋಡಿಕೋತ ಕುಂತ್ರೇನು?"

 ಅವ್ವ ಅವರ ತಟ್ಟೆಗೆ ಇನ್ನಷ್ಟು ಮಂಡಾಳು ಹಾಕಿದಳು. ಅಪ್ಪಾಜಿ ತಿನ್ನುತ್ತ ತಿನ್ನುತ್ತ ಕಣ್ಣಿಗೆ ನೀರು ತಂದುಕೊಂಡರು, ಹಸಿಮೆಣಸಿನಕಾಯಿ ಖಾರ ಎಂದರು. ಆಮೇಲೆ, "ಮೊದಲ ದಿನಾನ ಹೇಳಬೇಕಿತ್ತವ್ವ," ಎಂದರು. ಅವರು ಗಾದಿಯನ್ನೇನೂ ಇಳಿಯಲಿಲ್ಲ. ಆದರೆ ಅಂದಿನಿಂದ ಗಿರಾಕಿಯನ್ನು ಬಿಸಿಲಿಗೆ ಕರೆದೊಯ್ಯುವಾಗ ನನ್ನನ್ನೂ ಕರೆಯುವರು. ಮೊದಲು ನಾನು ಬಣ್ಣ ಹೇಳಬೇಕು, ಆಮೇಲೆ ಅವರು.

ಅವರು ಹೋಗಿ ಹತ್ತು ವರ್ಷದ ಮೇಲಾಯಿತು. ಅವ್ವನೂ ಇಲ್ಲ. ನನಗೀಗ ಐವತ್ತೆಂಟು. ಇಷ್ಟನ್ನು ಬರೆದು ಮುಗಿಸಿ ಪೆನ್ನು ಕೆಳಗಿಡುವಾಗ ಒಂದು ಸಂಗತಿ ತಲೆಗೆ ಹೊಳೆಯಿತು. ಪಲ್ಲವಿ ನನ್ನ ಅಣ್ಣನ ಮಗಳು. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ವಾದವಿಲ್ಲದೆ ಒಪ್ಪಿದವಳಲ್ಲ. ಮೊನ್ನೆ ಹಸಿರು ಎಂದ ಕೂಡಲೇ ಹೌದು ಎಂದುಬಿಟ್ಟಳಲ್ಲ.

ಅವಳನ್ನು ಕರೆದು ಆ ವಿಡಿಯೊ ಮತ್ತೆ ಹಾಕಿಸಿದೆ. "ಖರೇ ಹೇಳ. ಇಂವನ ಅಂಗಿ ಯಾವ ಬಣ್ಣೈತಿ?"

ಅವಳು ನೆಲ ನೋಡಿದಳು. "ನೀಲಿ ಅತ್ತಿ."

"ಎಷ್ಟು ದಿನಾತು ನನಗ ಬಣ್ಣ ತಪ್ಪಾಕ ಹತ್ತಿ?"

"ದೀಪಾವಳಿಯಿಂದ," ಎಂದಳು.

ನನಗೆ ಸಿಟ್ಟು ಬರಲಿಲ್ಲ. ಅಪ್ಪಾಜಿ ಅಂದು ಯಾಕೆ ನಮ್ಮ ಕಡೆ ತಿರುಗಲಿಲ್ಲ ಎಂದು ಈಗ ಅರ್ಥವಾಯಿತು. ಸೋಮವಾರವೇ ಬಳ್ಳಾರಿಗೆ ಹೋಗೋಣ, ಆಸ್ಪತ್ರೆಗೆ ಫೋನ್ ಮಾಡು ಎಂದೆ. ಅಲ್ಲಿಯವರೆಗೆ ಅಂಗಡಿಯ ಕಪ್ಪು ಬಟ್ಟೆಯ ಗಂಟನ್ನು ಅಟ್ಟಕ್ಕೆ ಏರಿಸಿಡು ಎಂದೂ ಹೇಳಿದೆ. ಏರಿಸಿ ಆಗಲೇ ಮೂರು ತಿಂಗಳಾಯಿತಂತೆ.