ಕಾಲು ತೊಳೆದು ಹತ್ತುವ ಕಾರು

ಮಾಮಿಯ ಬಲಗೈಗೆ ಯಾವಾಗಲೂ ತೆಂಗಿನೆಣ್ಣೆ ಮತ್ತು ಪೆಟ್ರೋಲು ಎರಡರ ವಾಸನೆಯೂ ಇರುತ್ತಿತ್ತು. ಬಡಿಸುವಾಗ ಆ ಕೈ ಹತ್ತಿರ ಬಂದರೆ, ಬೆಳಿಗ್ಗೆ ಕಾರು ಒರೆಸಿದ್ದಾರೆಂದು ನಮಗೆ ತಿಳಿಯುತ್ತಿತ್ತು. ಸೀಟಿನ ಚರ್ಮಕ್ಕೆ ಎಣ್ಣೆ, ಹೊರಗಿನ ತಗಡಿಗೆ ಪೆಟ್ರೋಲು ತಾಗಿಸಿದ ಮಾವನ ಹಳೆಯ ಪಂಚೆಯ ತುಂಡು.

ಅವರು ನನ್ನ ಸೋದರಮಾವನ ಹೆಂಡತಿ. ಮಕ್ಕಳಿರಲಿಲ್ಲ. ಬಂಟ್ವಾಳದ ನಮ್ಮ ಮನೆಗೆ ಮಾವ ಆ ಚಿಕ್ಕ ಕಾರನ್ನು ತಂದದ್ದು ನಾನು ಶಾಲೆಗೆ ಸೇರುವ ಮೊದಲು. ಪೆಟ್ರೋಲು ಕಡಿಮೆ ಕುಡಿಯುತ್ತದೆಂದೇ ಕೊಂಡರಂತೆ. ಆಮೇಲೆ ಕುಡಿಸುವ ಸಂದರ್ಭವೇ ಹೆಚ್ಚು ಬರಲಿಲ್ಲ. ಪೊಳಲಿ ದೇವಸ್ಥಾನಕ್ಕೆ ಆಗೊಮ್ಮೆ ಈಗೊಮ್ಮೆ. ಉಳಿದಂತೆ ಮೂಡುಬಿದಿರೆಯ ಮಾಮಿಯ ತಾಯಿಮನೆಗೆ. ಅದು ಕಂಡ ದಾರಿ ಇವೆರಡೇ. ಸಿದ್ಧಕಟ್ಟೆಯ ಏರಿನಲ್ಲಿ ಒಮ್ಮೆ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ, "ಹಗ್ಗ ಉಂಟು ಧನಿಗಳೇ, ಕಟ್ಟಿ ಎಳೀಬೇಕಾ?" ಎಂದು ಕೇಳಿದ. ಮಾಮಿ ಸೆರಗು ಬಾಯಿಗಿಟ್ಟು ಮೂಡುಬಿದಿರೆಯವರೆಗೂ ನಕ್ಕರು.

ಕಾರು ಹತ್ತುವ ಮೊದಲು ಎಲ್ಲರೂ ಕಾಲು ತೊಳೆಯಬೇಕಿತ್ತು. ಚೆಂಬು ಹಿಡಿದು ಮಾಮಿಯೇ ನಿಲ್ಲುತ್ತಿದ್ದರು. ಮಾವ ಗೊಣಗಿದರೆ, "ಇದೂ ಮನೆಯೇ ಅಲ್ವಾ? ನನ್ನನ್ನು ಕೂರಿಸಿಕೊಂಡು ಹೋಗುವ ಮನೆ," ಎನ್ನುತ್ತಿದ್ದರು.

ಯಾರು ಬಂದರೂ ಜಗಲಿಗೆ ತಟ್ಟೆಯಲ್ಲಿ ನೀರು-ಬೆಲ್ಲ ತರುತ್ತಿದ್ದವರೂ ಅವರೇ. ಬಂದವರು ಕುಡಿದು "ಬೆಲ್ಲ ಒಳ್ಳೆದುಂಟು" ಎನ್ನುವುದು ವಾಡಿಕೆ. ಮನೆಯವರಿಗೆ ಆ ತಟ್ಟೆಯಿಲ್ಲ. ಬಾಯಾರಿದರೆ ಒಳಗೆ ಹೋಗಿ ಕುಡಿಯಬೇಕು.

ನಾನು ಬಿ.ಎ. ಮುಗಿಸಿದ ವರ್ಷ ಮಾವ ತೀರಿಕೊಂಡರು. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಗಂಡ ಹೋದ ಮೇಲೆ ಹೆಂಡತಿ ತಾಯಿಮನೆಗೆ ಮರಳುವುದು ಕ್ರಮ. ಯಜಮಾನಿಕೆ ಮಾವನ ತಮ್ಮ, ಚಿಕ್ಕ ಮಾವನಿಗೆ ಬಂತು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಸ್ವಲ್ಪ ದಿನದಲ್ಲೇ, ಕಾರು ಮಾರುತ್ತಾರಂತೆ ಎಂಬ ಸುದ್ದಿ ಬೆಳ್ತಂಗಡಿಯವರೆಗೂ ಹೋಯಿತು.

ಬೆಳ್ತಂಗಡಿ ಹತ್ತಿರದ ಲಾಯಿಲದಿಂದ ವ್ಯಾಪಾರಿಯೊಬ್ಬರು ನೋಡಲು ಬಂದರು. ನೀರು-ಬೆಲ್ಲ ಮಾಮಿಯೇ ತಂದರು. "ಬೆಲ್ಲ ಒಳ್ಳೆದುಂಟು," ಎಂದವರು ಕಾರಿನ ಬಾಗಿಲು ತೆಗೆದು ಮೀಟರಿಗೆ ಬಗ್ಗಿದರು.

"ಇದು ಓಡಲೇ ಇಲ್ಲವಲ್ಲ ಮಾರಾಯ್ರೆ. ಮದುಮಗಳ ಹಾಗೆ ಉಂಟು. ಯಾರು ಇಟ್ಟದ್ದು ಇಷ್ಟು ಚಂದ?"

"ಸುಮ್ಮನೆ ನಿಂತಿತ್ತು," ಎಂದರು ಚಿಕ್ಕ ಮಾವ.

ಮಾಮಿ ಖಾಲಿ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದರು.

ಸಂಜೆ ನನ್ನನ್ನು ಕರೆದರು. "ಮಾರಲಿ ಮಗಾ, ಬೇಡ ಅನ್ನುವುದಿಲ್ಲ. ಒಮ್ಮೆ ಅದರಲ್ಲೇ ನನ್ನನ್ನು ಮೂಡುಬಿದಿರೆಗೆ ಬಿಡ್ಲಿಕ್ಕೆ ಹೇಳ್ತೀಯಾ? ನೀನು ಓದಿದವಳು. ನಿನ್ನ ಮಾತಿಗೆ ತೂಕ ಉಂಟು."

ನಾನು ಹೇಳಿದೆ. ಚಿಕ್ಕ ಮಾವ ಒರಟರಲ್ಲ. ಪೂರ್ತಿ ಕೇಳಿ ಉತ್ತರಿಸಿದರು. "ಅವರು ಮೀಟರು ನೋಡಿ ಹೋಗಿದ್ದಾರೆ. ಇನ್ನು ಒಂದು ಮೈಲಿಯೂ ಓಡಿಸುವುದಿಲ್ಲ ಅಂತ ಮಾತು ಕೊಟ್ಟಾಗಿದೆ. ಮತ್ತೆ, ಕಾರು ಕುಟುಂಬದ್ದು. ನಾಳೆ ನಿನಗೆ, ನಿನ್ನ ಮಕ್ಕಳಿಗೆ ಸೇರುವಂಥದ್ದು. ಮಾಮಿಯದ್ದಲ್ಲವಲ್ಲ."

"ನನ್ನದಾದರೆ ನಾನೇ ಹೇಳ್ತೇನೆ. ಅವರನ್ನು ಬಿಟ್ಟು ಬರುವ."

ಅವರು ನಕ್ಕರು. "ನೀನು ಹೇಳುವ ಕಾಲ ಬರ್ತದೆ. ಈಗ ಒಳಗೆ ಹೋಗು."

ಅಮ್ಮನ ಮುಖ ನೋಡಿದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. ಮೀಟರಿನಲ್ಲಿದ್ದ ಆ ಅಷ್ಟಿಷ್ಟು ಮೈಲಿಗಳಲ್ಲಿ ಹೆಚ್ಚಿನವು ಮಾಮಿ ತಾಯಿಮನೆಗೆ ಹೋಗಿ ಬಂದದ್ದರಿಂದಲೇ ಆದವು. ಅದನ್ನು ಯಾರಿಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ.

ಕಾರು ಬೆಳ್ತಂಗಡಿಯ ದಾರಿ ಹಿಡಿದ ಮರುದಿನ ಮಾಮಿ ಮೂಡುಬಿದಿರೆಯ ಬಸ್ಸು ಹತ್ತಿದರು. ಮೆಟ್ಟಿಲ ಮೇಲೆ ಕಾಲಿಟ್ಟು, ಧೂಳು ಹತ್ತಿದ ಪಾದವನ್ನು ನೋಡುತ್ತ ನಿಂತರು. "ಬೇಗ ಹತ್ತಿ ಅಮ್ಮ," ಎಂದ ಕಂಡಕ್ಟರು.

ಆಮೇಲೆ ನಾನು ಅವರನ್ನು ಕಂಡದ್ದು ಒಂದೇ ಸಲ, ಮಾವನ ವರ್ಷದ ಕಾರ್ಯಕ್ಕೆ ಬಂದಾಗ. ಆ ಮಳೆಗಾಲದಲ್ಲೇ ತಾಯಿಮನೆಯಲ್ಲಿ ತೀರಿಕೊಂಡರು. ಕಾರ್ಯದ ದಿನ ಅವರು ಒಳಗೆ ಬರಲಿಲ್ಲ, ಜಗಲಿಯಲ್ಲೇ ಕುಳಿತರು. ಅಮ್ಮ ನನ್ನ ಕೈಗೆ ತಟ್ಟೆ ಕೊಟ್ಟರು.

"ಮಾಮಿಗೆ ಇದು ಯಾಕಮ್ಮ?"

"ಕೊಡದಿದ್ದರೆ ಮರ್ಯಾದೆ ಅಲ್ಲ."

ತೆಗೆದುಕೊಂಡು ಹೋದೆ. ಮಾಮಿ ಚೂರು ಬೆಲ್ಲ ಬಾಯಿಗಿಟ್ಟು ನೀರು ಕುಡಿದರು. ಚೆಂಬು ಹಿಂದೆ ಕೊಡುವಾಗ ಅವರ ಕೈ ನನ್ನ ಹತ್ತಿರ ಬಂತು. ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ.

"ಬೆಲ್ಲ ಒಳ್ಳೆದುಂಟು," ಎಂದರು.